ಚಮಚದಲ್ಲಿ ಕಾಫಿ

ನನ್ನ ಹೆಂಡತಿಗೆ ಲಕ್ವ ಹೊಡೆದಾಗ ಬಲಗೈ ಬಲಗಾಲು ಸೋತಿದ್ದು ಎಲ್ಲರಿಗೂ ಕಂಡಿತು. ಗಂಟಲು ಸೋತಿದ್ದು ಯಾರಿಗೂ ಕಾಣಲಿಲ್ಲ. ದಾವಣಗೆರೆಯ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು, ನೀರು, ಟೀ, ಕಾಫಿ, ಮಜ್ಜಿಗೆ ಯಾವುದನ್ನೂ ತೆಳ್ಳಗಿರುವ ಹಾಗೆ ಕೊಡಬೇಡಿ, ಎಲ್ಲವನ್ನೂ ಅದಕ್ಕೆಂದೇ ಔಷಧಿ ಅಂಗಡಿಯಲ್ಲಿ ಸಿಗುವ ಪುಡಿ ಹಾಕಿ ಗಟ್ಟಿ ಮಾಡಿ ಕೊಡಿ ಎಂದಿದ್ದರು. ನಾನು ತಲೆಯಾಡಿಸಿದ್ದೆ. ನೀರು ಕುಡಿದರೂ ಮನುಷ್ಯರಿಗೆ ಅಪಾಯ ಆಗುತ್ತದೆ ಎಂಬ ಮಾತು ಆಗ ನನ್ನ ತಲೆಗೆ ಪೂರ್ತಿ ಇಳಿದಿರಲಿಲ್ಲ.

ಅದು ಇಳಿದದ್ದು ಮನೆಗೆ ಬಂದ ಮೊದಲ ವಾರದಲ್ಲೇ. ನನ್ನ ಕಾಫಿ ಲೋಟ ಮೇಜಿನ ಮೇಲಿತ್ತು. ನಾನು ಬಾಗಿಲಿಗೆ ಬಂದ ಹಾಲಿನವನ ಹತ್ತಿರ ಹೋಗಿ ಬರುವಷ್ಟರಲ್ಲಿ ಅವಳು ಎಡಗೈಯಿಂದ ಲೋಟ ಎಳೆದುಕೊಂಡು ಎರಡು ಗುಟುಕು ಕುಡಿದಿದ್ದಳು. ಕೆಮ್ಮಲಿಲ್ಲ, ಮುಖವೂ ಕೆಂಪಾಗಲಿಲ್ಲ. 'ನೋಡ್ರಿ, ಏನೂ ಆಗ್ಲಿಲ್ಲ' ಎಂದು ತೊದಲಿ ನಕ್ಕಳು. ಕೆಲವೇ ದಿನಗಳಲ್ಲಿ ಜ್ವರ ಬಂತು, ಉಸಿರಿಗೆ ಗೊರಗೊರ ಸದ್ದು ಸೇರಿತು. ಮತ್ತೆ ಆಂಬುಲೆನ್ಸ್, ಮತ್ತೆ ಅದೇ ಆಸ್ಪತ್ರೆ. ಕಾಫಿ ಶ್ವಾಸಕೋಶಕ್ಕೆ ಹೋಗಿದೆ, ಕೆಮ್ಮು ಬಾರದೆ ಇದ್ದದ್ದೇ ಹೆದರಬೇಕಾದ ಸಂಗತಿ, ಗಂಟಲಿಗೆ ತನ್ನನ್ನು ತಾನು ಕಾಯ್ದುಕೊಳ್ಳುವುದು ಮರೆತುಹೋಗಿದೆ ಎಂದರು ಡಾಕ್ಟರು.

ಆಮೇಲೆ ನಮ್ಮ ಮನೆಯಲ್ಲಿ ಕಾಫಿ ನಿಂತುಹೋಯಿತು. ನಾನೂ ಬಿಟ್ಟೆ. ಚನ್ನಗಿರಿ ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಸ್ಟೇಷನರಿ ಅಂಗಡಿ ಇದೆ; ಅದನ್ನು ಅರ್ಧ ದಿನ ಮಾತ್ರ ತೆಗೆಯುತ್ತಿದ್ದೆ. ಜಗಳೂರಿನಿಂದ ಅವಳ ಅಕ್ಕ ಬಂದು ಜೊತೆಗಿದ್ದರು. ಊಟದ ಹೊತ್ತು ಬಂತೆಂದರೆ ನನ್ನ ಅಂಗೈ ಬೆವರುತ್ತಿತ್ತು. ಒಂದು ಚಮಚ ಗಂಜಿ ಬಾಯಿಗಿಟ್ಟು, ಅವಳ ಗಂಟಲುಮಣಿ ಮೇಲೆದ್ದು ಕೆಳಗಿಳಿಯುವವರೆಗೆ ನಾನೂ ಉಸಿರು ಬಿಡುತ್ತಿರಲಿಲ್ಲ.

ಅವಳು ಸಂತೇಬೆನ್ನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಬೆಳಗಿನ ಬಸ್ಸಿಗೆ ಮೊದಲು ಒಂದು ಲೋಟ, ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಇನ್ನೊಂದು ಲೋಟ ಕಾಫಿ ಬೇಕಿದ್ದವಳು. ಪುಡಿ ಹಾಕಿ ಗಟ್ಟಿ ಮಾಡಿದ ಕಾಫಿಯನ್ನು ಒಮ್ಮೆ ಕೊಟ್ಟು ನೋಡಿದೆವು. 'ಇದು ಗೋಂದು' ಎಂದು ಉಗಿದಳು. ಉಗಿಯುವಷ್ಟಾದರೂ ಶಕ್ತಿ ಬಂತಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಅವಳು ಮಾತ್ರ ಗೋಡೆಯ ಕಡೆ ತಿರುಗಿ ಮಲಗಿದಳು.

ಒಂದು ಮಧ್ಯಾಹ್ನ ಅಂಗಡಿಯಿಂದ ಬಂದಾಗ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದಳು. ಯಾರೋ ಇಟಲಿಯ ಹೆಂಗಸು ಒಂದು ಸಿಹಿ ಮಾಡುತ್ತಿದ್ದಳು. ಹಗುರವಾದ ಬಿಸ್ಕತ್ತುಗಳನ್ನು ಕಾಫಿಯಲ್ಲಿ ಅದ್ದಿ ಸಾಲಾಗಿ ಜೋಡಿಸುವುದು, ಮೇಲೆ ದಪ್ಪ ಕೆನೆ ಬಳಿಯುವುದು, ಮತ್ತೆ ಬಿಸ್ಕತ್ತು, ಮತ್ತೆ ಕೆನೆ, ಕೊನೆಗೆ ಕೋಕೋ ಪುಡಿ. ತಿರಾಮಿಸು ಅಂತೆ ಹೆಸರು.

'ನೀರಲ್ಲ ಇದು. ಗಟ್ಟಿನೂ ಅಲ್ಲ. ಕಾಫಿ ಐತೆ' ಎಂದಳು. ಒಂದೊಂದು ಪದವನ್ನೂ ಕಷ್ಟಪಟ್ಟು ಬಿಡಿಬಿಡಿಯಾಗಿ ಹೇಳಿದಳು. 'ಮಾಡ್ರಿ.'

'ನನಗೆ ಉಪ್ಪಿಟ್ಟು ಮಾಡಾಕೂ ಬರಲ್ಲ ಕಣೆ.'

'ನಾ ಹೇಳ್ತೀನಿ.'

ಒಳಗಿನಿಂದ ಅಕ್ಕ ಬಂದರು. 'ಏನು, ಮತ್ತೆ ಕಾಫಿನಾ? ಹೋದ ಸಲ ಅನುಭವಿಸಿದ್ದು ಸಾಲದಾ? ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಹೆಂಗೆ?' ಅವರ ಮಾತಿನಲ್ಲಿ ಸಿಟ್ಟಿಗಿಂತ ಹೆದರಿಕೆ ಜಾಸ್ತಿ ಇತ್ತು. ನನಗೂ ಅಷ್ಟೇ ಹೆದರಿಕೆ. ಆದರೆ ಆಸ್ಪತ್ರೆಯಿಂದ ಬಂದ ಮೇಲೆ ಅವಳು ಬಾಯಿ ಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು.

ನುಂಗುವ ವ್ಯಾಯಾಮ ಹೇಳಿಕೊಡುತ್ತಿದ್ದ ದಾವಣಗೆರೆಯ ಥೆರಪಿಸ್ಟ್‌ಗೆ ಫೋನ್ ಮಾಡಿದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯವಳು. 'ಕೊಡಬಹುದು ಸರ್. ಆದ್ರೆ ಬಿಸ್ಕತ್ತು ಪೂರ್ತಿ ಮೆತ್ತಗಾಗಿರಬೇಕು. ಚಮಚದಿಂದ ಒತ್ತಿದ್ರೆ ಒಂದು ಹನಿ ಕಾಫಿನೂ ಹೊರಗೆ ಬರಬಾರದು. ಬಂತೋ, ಕೊಡಬೇಡಿ. ಅದಕ್ಕೆ ಕೆಲವರು ಹಸಿ ಮೊಟ್ಟೆ, ಮದ್ಯ ಹಾಕ್ತಾರೆ, ನೀವು ಹಾಕಲೇಬೇಡಿ' ಎಂದಳು. ಮೊಟ್ಟೆಯಾಗಲಿ ಮದ್ಯವಾಗಲಿ ನಮ್ಮ ಮನೆಯ ಹೊಸಿಲು ದಾಟಿದವಲ್ಲ. ಕೋಕೋ ಪುಡಿಯ ಬಗ್ಗೆ ಕೇಳಬೇಕೆಂದು ನನಗೆ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಹೆಂಡತಿಯ ಗಾಲಿಕುರ್ಚಿಯನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿದೆ. ಆ ದಪ್ಪ ಕೆನೆ ನಮ್ಮೂರಲ್ಲಿ ಸಿಗುವಂಥದ್ದಲ್ಲ, ಮನೆಯಲ್ಲೇ ಮಾಡಬೇಕಿತ್ತು. ಪಕ್ಕದ ಮನೆಯ ಎಮ್ಮೆ ಹಾಲಿನ ಕೆನೆ ತಂದು, ಕುದಿಯುವ ನೀರಿನ ಮೇಲೆ ಪಾತ್ರೆ ಇಟ್ಟು ಹದವಾಗಿ ಬಿಸಿ ಮಾಡಿ, ನಿಂಬೆರಸ ಹಿಂಡಿ, ತೆಳು ಪಂಚೆಯ ತುಂಡಿನಲ್ಲಿ ಕಟ್ಟಿ ಫ್ರಿಜ್ಜಿನಲ್ಲಿ ನೀರಿಳಿಯಲು ಬಿಟ್ಟೆ. ಮರುದಿನ ಸಕ್ಕರೆ ಹಾಕಿ ಕಡೆಯುತ್ತಾ ಕಡೆಯುತ್ತಾ, ಗಟ್ಟಿಯಾದಷ್ಟೂ ಅವಳಿಗೆ ಕ್ಷೇಮ ಎಂಬ ಒಂದೇ ಯೋಚನೆಯಲ್ಲಿ ನಿಲ್ಲಿಸುವುದನ್ನೇ ಮರೆತೆ. ಕೆನೆ ಒಡೆದು ಬೆಣ್ಣೆಯಾಗಿ ಕೂತಿತು. ಅಕ್ಕ ಬಂದು ಪಾತ್ರೆಯೊಳಗೆ ಇಣುಕಿದರು. 'ಸಕ್ಕರೆ ಬೇರೆ ಹಾಕಿಬಿಟ್ಟೀರಿ. ಇಲ್ಲಾಂದ್ರೆ ತುಪ್ಪ ಕಾಯಿಸಬಹುದಿತ್ತು' ಎಂದರು. ಹೆಂಡತಿ ನಗಲು ಹೋದಳು. ನಾನು ಗಾಬರಿಯಿಂದ 'ನಗಬೇಡ, ನಗಬೇಡ' ಎಂದು ಕೂಗಿದೆ. ಅವಳ ಬಾಯಲ್ಲಿ ಆಗ ಏನೂ ಇರಲಿಲ್ಲ. ಆದರೂ ಕೂಗಿದೆ.

ಎರಡನೆಯ ಸಲದ ಕೆನೆ ಸರಿಯಾಯಿತು. ಬಿಸ್ಕತ್ತಿಗೆ ಮೈದಾ, ಮೊಸರು, ಸಕ್ಕರೆ, ಚೂರು ಸೋಡಾ ಕಲಸಿ, ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಅದರ ಮೇಲೆ ಪಾತ್ರೆ ಇಟ್ಟು, ವಿಷಲ್ ತೆಗೆದು ಬೇಯಿಸಿದೆ. ಅದನ್ನು ಬೆರಳಿನಷ್ಟು ದಪ್ಪಕ್ಕೆ ಕತ್ತರಿಸಿ ತವೆಯ ಮೇಲೆ ಒಣಗಿಸಿದೆ. 'ಉರಿ ಸಣ್ಣ ಮಾಡ್ರಿ', 'ತಿರುವಿ ಹಾಕ್ರಿ' ಎಂದು ಅವಳು ಬಾಗಿಲಲ್ಲಿ ಕೂತೇ ಅಡುಗೆ ನಡೆಸಿದಳು. ಕಪಾಟಿನ ಮೂಲೆಗೆ ಸರಿಸಿದ್ದ ಫಿಲ್ಟರ್ ತೆಗೆದು ಡಿಕಾಕ್ಷನ್ ಇಳಿಸಿದಾಗ ಮನೆಯೆಲ್ಲ ವಾಸನೆ ತುಂಬಿತು. ಅವಳು ಕಣ್ಣು ಮುಚ್ಚಿ ಮೂಗೆತ್ತಿ ಕೂತಳು. ನನಗೆ ಆ ವಾಸನೆಯಲ್ಲಿ ಆಂಬುಲೆನ್ಸೇ ನೆನಪಾಯಿತು.

ಬಿಸ್ಕತ್ತನ್ನು ಕಾಫಿಗೆ ಅದ್ದುವುದು ಎಲ್ಲಕ್ಕಿಂತ ಕಷ್ಟವಾಯಿತು. ಕಮ್ಮಿ ನೆನೆದರೆ ನಡುವೆ ಗಟ್ಟಿ ಉಳಿದು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹೆಚ್ಚು ನೆನೆದರೆ ಕಾಫಿ ಜಿನುಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಒಂದೊಂದನ್ನೂ ಅದ್ದಿ, ಎತ್ತಿ, ಸೋಸುವ ಜಾಲರಿಯ ಮೇಲೆ ಇಟ್ಟು ಕಾದೆ. ಜೋಡಿಸಿ ಮುಗಿಸಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟೆವು.

ಮರುದಿನ ಬೆಳಗಿನ ತಿಂಡಿಯಾದ ಮೇಲೆ ಸಿಹಿಗೆ ಕೋಕೋ ಪುಡಿ ಉದುರಿಸಿ, ಅವಳನ್ನು ನೆಟ್ಟಗೆ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟೆ. ಬಾಯಿ ಒರೆಸಿಯಾಗಿತ್ತು, ಹಲ್ಲು ಉಜ್ಜಿಯಾಗಿತ್ತು. ಅಕ್ಕ ಫೋನ್ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ನಿಂತರು. ಒಂದು ತುಂಡನ್ನು ತಟ್ಟೆಗೆ ಹಾಕಿ ಚಮಚದಿಂದ ಒತ್ತಿದೆ. ಕಾಫಿ ಬರಲಿಲ್ಲ. ಇನ್ನೊಂದು ಕಡೆ ಒತ್ತಿದೆ. ಬರಲಿಲ್ಲ. ಮತ್ತೆ ಒತ್ತಲು ಹೋದೆ.

'ಅದನ್ನ ಹಿಂಗೆ ಸಾಯಿಸ್ತೀರೋ, ತಿನ್ನಾಕೆ ಕೊಡ್ತೀರೋ?' ಎಂದು ತಡೆದು ತಡೆದು ಕೇಳಿದಳು.

ಅರ್ಧ ಚಮಚ ತೆಗೆದು ಬಾಯಿಗೆ ಹಿಡಿದೆ. ಅವಳು ಮೊದಲು ವಾಸನೆ ನೋಡಲು ಮೂಗಿನಿಂದ ಜೋರಾಗಿ ಉಸಿರೆಳೆದಳು. ಕೋಕೋ ಪುಡಿ ಹೊಗೆಯ ಹಾಗೆ ಎದ್ದು ಒಳಗೆ ಹೋಯಿತು.

ಅವಳ ಕಣ್ಣು ಅಗಲವಾಯಿತು. ಬಾಯಿ ತೆರೆಯಿತು. ಏನೂ ಸದ್ದಿಲ್ಲ. ನನ್ನ ಕೈಯ ಚಮಚ ನೆಲಕ್ಕೆ ಬಿತ್ತು. ಆ ಒಂದು ಗಳಿಗೆಯಲ್ಲಿ ನಾನು ಏನು ಯೋಚಿಸಿದೆ ಎಂದು ಬರೆಯಲು ಈಗಲೂ ಮನಸ್ಸು ಬರುವುದಿಲ್ಲ. ಅಕ್ಕ 'ಅಯ್ಯೋ ಶಿವನೇ' ಎಂದು ಕಿರುಚಿದರು. ನಾನು ಅವಳ ಬೆನ್ನ ಹಿಂದೆ ಕೈ ಹಾಕಿ ಮುಂದಕ್ಕೆ ಬಗ್ಗಿಸುವಷ್ಟರಲ್ಲಿ ಅವಳು ಕೆಮ್ಮಿದಳು.

ಅಂಥಿಂಥ ಕೆಮ್ಮಲ್ಲ. ಹೊಟ್ಟೆಯ ಆಳದಿಂದ ಎದ್ದು ಮೈಯನ್ನೆಲ್ಲ ಕುಲುಕಿಸಿದ ಕೆಮ್ಮು. ಒಂದಾದ ಮೇಲೆ ಒಂದು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ನನ್ನ ಅಂಗಿಯ ಮೇಲೆಲ್ಲ ಕೋಕೋ. ಅಕ್ಕ ಆಗಲೇ ಥೆರಪಿಸ್ಟ್‌ಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ್ದರು. 'ಕೆಮ್ಮಾಕತ್ತಾಳೆ, ನಿಲ್ಲಂಗೇ ಇಲ್ಲ ಕಣಮ್ಮಾ!'

ಆ ಕಡೆಯಿಂದ ಹುಡುಗಿ ಮೊದಲು ಕೆಮ್ಮಿನ ಸದ್ದನ್ನು ಕೇಳಿಸಿಕೊಂಡಳು. ಆಮೇಲೆ, 'ಕೆಮ್ಮಲಿ ಬಿಡಿ. ಕೆಮ್ಮು ಚೆನ್ನಾಗಿದೆ. ಇಷ್ಟು ಜೋರಾಗಿ ಕೆಮ್ಮೋದನ್ನ ನಾನು ಇದೇ ಮೊದಲು ಕೇಳ್ತಿರೋದು. ಸುಧಾರಿಸಿಕೊಂಡ ಮೇಲೆ ಆ ಅಂತ ಹೇಳಿಸಿ, ದನಿ ಒದ್ದೆಯಾಗಿದ್ರೆ ಒಳಗೆ ಏನೋ ಉಳಿದಿದೆ ಅಂತ' ಎಂದಳು.

ಕೆಮ್ಮು ನಿಂತಿತು. ಅವಳು 'ಆ' ಎಂದಳು. ದನಿ ಒದ್ದೆಯಾಗಿರಲಿಲ್ಲ, ಒಣಗಿದ, ಸಿಟ್ಟಿನ ದನಿ. ಕೋಕೋ ಮೂಗಿಗೆ ಹೋದದ್ದನ್ನು ಕೇಳಿ, ಜ್ವರ ಬರುತ್ತದೋ ನೋಡುತ್ತಿರಿ, ಪುಡಿ ಕೆರೆದು ತೆಗೆದು ಇನ್ನೊಂದು ದಿನ ಕೊಡಿ ಎಂದು ಹೇಳಿ ಥೆರಪಿಸ್ಟ್ ಫೋನ್ ಇಟ್ಟಳು. ನಾನು ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಅತ್ತೆ.

ಮುಂದಿನ ದಿನಗಳು ಕೆಟ್ಟದಾಗಿದ್ದವು. ಥರ್ಮಾಮೀಟರು ನನ್ನ ಜೇಬಿನಲ್ಲೇ ಇರುತ್ತಿತ್ತು. ಅಂಗಡಿಯಲ್ಲಿ ಮಕ್ಕಳಿಗೆ ಪೆನ್ಸಿಲ್ ಕೊಡುತ್ತಾ ಮನೆಗೆ ಫೋನ್ ಮಾಡಿ, ಉಸಿರು ಹೆಂಗೈತೆ ಎಂದು ಅಕ್ಕನನ್ನು ಕೇಳುತ್ತಿದ್ದೆ. 'ನಿಮ್ಮ ಫೋನಿಂದಾನೇ ಅವಳಿಗೆ ನಿದ್ದಿ ಇಲ್ಲ' ಎಂದು ಅವರು ಒಮ್ಮೆ ಗದರಿಸಿದರು. ಮಲಗಿದ್ದವಳ ಎದೆಗೆ ಕಿವಿಯಿಟ್ಟು ಕೇಳಿದರೆ ನನ್ನ ಎದೆಯ ಬಡಿತವೇ ಕೇಳುತ್ತಿತ್ತು. ಜ್ವರ ಬರಲಿಲ್ಲ. ಗೊರಗೊರವೂ ಬರಲಿಲ್ಲ.

ಆ ಸಿಹಿ ಹಾಳಾಗದಿರಲೆಂದು ಅಕ್ಕನೇ ಅದನ್ನು ತಿಂದು ಮುಗಿಸಿದ್ದರು. ಎಲ್ಲ ಮೊದಲಿನಿಂದ ಮಾಡಬೇಕಾಯಿತು. ಈ ಸಲ ಕೋಕೋವನ್ನು ಕೆನೆಯೊಳಗೇ ಕಲಸಿದೆ. ಅರ್ಧ ಚಮಚ ಕೊಟ್ಟೆ. ಅವಳು ಗದ್ದ ಎದೆಗೆ ತಾಗಿಸಿ, ಕಲಿಸಿದ ಹಾಗೆ ಎರಡು ಸಲ ನುಂಗಿದಳು. ನಾನು 'ಆ' ಅನ್ನಿಸಿದೆ. ದನಿ ಶುದ್ಧವಾಗಿತ್ತು. ಇನ್ನರ್ಧ ಚಮಚ. ಮತ್ತೆ 'ಆ'. ತಟ್ಟೆ ಖಾಲಿಯಾಗುವ ಹೊತ್ತಿಗೆ ನನ್ನ ಬನಿಯನ್ ಬೆವರಿಗೆ ಮೈಗಂಟಿತ್ತು.

'ಚಿಕೋರಿ ಜಾಸ್ತಿ ಆಗೈತೆ' ಎಂದಳು ಕೊನೆಗೆ. ಮೂರೂ ಪದಗಳನ್ನು ಅವಳು ಎಲ್ಲೂ ನಿಲ್ಲದೆ ಹೇಳಿದಳು.

ಮುಂದಿನ ತಪಾಸಣೆಗೆ ದಾವಣಗೆರೆಗೆ ಹೋಗುವಾಗ ಡಬ್ಬಿಯಲ್ಲಿ ಒಂದು ತುಂಡು ಹಾಕಿಕೊಂಡು ಬರಲು ಅವಳೇ ಹೇಳಿದಳು. ಥೆರಪಿಸ್ಟ್ ಅವಳ ಗಂಟಲು ಪರೀಕ್ಷಿಸಿ, ಚಮಚದಲ್ಲಿ ತಣ್ಣೀರು ಕೊಟ್ಟು ನೋಡಿದಳು. ಚೂರು ನೀರು ದಾರಿ ತಪ್ಪಿ ಶ್ವಾಸನಾಳದ ಕಡೆ ಹೋಯಿತು, ಆದರೆ ಒಡನೆ ಕೆಮ್ಮು ಬಂತು. ಲೋಟದ ಕಾಫಿಗೆ ಇನ್ನೂ ಕಾಯಬೇಕು, ಡಬ್ಬಿಯಲ್ಲಿರುವುದನ್ನು ಮಾತ್ರ ತಿನ್ನಬಹುದು ಎಂದಳು. ಆಮೇಲೆ ಡಬ್ಬಿ ತೆರೆದು ತಾನೂ ಒಂದು ಚಮಚ ಬಾಯಿಗಿಟ್ಟುಕೊಂಡು, 'ಯಾರು ಮಾಡಿದ್ದು ಇದು?' ಎಂದು ನನ್ನ ಕಡೆ ನೋಡಿದಳು.

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ನಿಧಾನವಾಗಿ, ಸ್ಪಷ್ಟವಾಗಿ ಹೇಳಿದಳು: 'ನಾನೇ. ಕೈ ಮಾತ್ರ ಇವ್ರದು.'