ರೇಣುವಿನ ಕಪ್ಪು ಫ್ರೇಮು

ಆಲ್ದೂರಿನಲ್ಲಿ ನನ್ನದೊಂದು ಕಾಫಿ ಗೋದಾಮಿದೆ. ಸುತ್ತಲಿನ ಸಣ್ಣ ಬೆಳೆಗಾರರು ಒಣಗಿಸಿದ ಕಾಫಿಯನ್ನು ಮೂಟೆ ಕಟ್ಟಿ ತರುತ್ತಾರೆ, ನಾನು ಕೊಳ್ಳುತ್ತೇನೆ. ಕೊಳ್ಳುವಾಗ ತೇವ ಜಾಸ್ತಿ ಅನ್ನುತ್ತೇನೆ. ಅದೇ ಕಾಫಿಯನ್ನು ಮಾರುವಾಗ ಇಷ್ಟು ಚೆನ್ನಾಗಿ ಒಣಗಿದ್ದು ಈ ಸೀಮೆಯಲ್ಲೇ ಸಿಗುವುದಿಲ್ಲ ಅನ್ನುತ್ತೇನೆ. ಇದರಲ್ಲಿ ಮೋಸವೇನಿಲ್ಲ. ಕೇಳುವವರಿಗೂ ಗೊತ್ತಿರುವ ಮಾತೇ. ಈ ಎರಡು ಮಾತುಗಳ ನಡುವೆ ತೂಕದ ಮೆಷಿನ್ ಪಕ್ಕ ನಿಂತು ತೂಕ ಕೂಗುವವನು ರೇಣುಕಪ್ರಸಾದ್.

ಹೆಸರು ಕೇಳಿದರೆ ಯಾರೋ ತಹಶೀಲ್ದಾರರು ಅನ್ನಿಸಬೇಕು. ಆದರೆ ಆ ಹೆಸರನ್ನು ಪೂರ್ತಿ ಉಚ್ಚರಿಸಿದವರು, ಶಾಲೆಯಲ್ಲಿ ಹಾಜರಿ ಕೂಗಿದ ಮೇಷ್ಟರನ್ನು ಬಿಟ್ಟರೆ, ಊರಲ್ಲಿ ಯಾರೂ ಇರಲಿಲ್ಲ. ನನಗೆ ರೇಣು. ಬೆಳೆಗಾರರಿಗೆ ಅಷ್ಟೂ ಅಲ್ಲ, 'ಏ ತೂಕದವ್ನೇ'. ವಯಸ್ಸು ನಲವತ್ತು ದಾಟಿದೆ, ಮದುವೆಯಾಗಿಲ್ಲ. ಅಕ್ಕಂದಿರ ಮದುವೆಗಳೆಲ್ಲ ಮುಗಿಯುವ ಹೊತ್ತಿಗೆ ಅವನ ಸರದಿ ದಾಟಿ ಹೋಗಿತ್ತು. ದಾಟಿದ್ದನ್ನು ಯಾರೂ ಗಮನಿಸಲಿಲ್ಲ, ಅವನೂ ಸೇರಿ. ಹಿಟ್ಟಿನ ಗಿರಣಿಯ ಹಿಂದೆ ಒಂದು ಬಾಡಿಗೆ ಕೋಣೆ, ಹೋಟೆಲಿನಲ್ಲಿ ಊಟ. ಮುಖ ಎಂಥದ್ದೆಂದರೆ, ನೋಡಿದವರು ನೋಡಿದ್ದನ್ನೇ ಮರೆಯುವಂಥದ್ದು. ವರ್ಷವರ್ಷವೂ ನಮ್ಮಲ್ಲಿಗೆ ಕಾಫಿ ತರುವ ಒಬ್ಬರು ಬಾಳೆಹೊನ್ನೂರು ಬಸ್ಸಿನಲ್ಲಿ ಅವನ ಪಕ್ಕ ಕೂತು, "ತಮ್ದು ಯಾವೂರಾಯ್ತು?" ಅಂತ ಕೇಳಿದ್ದರಂತೆ. ಇದನ್ನು ಅವನು ನನಗೆ ಮೂಟೆಯ ತೂಕ ಹೇಳುವ ಧ್ವನಿಯಲ್ಲೇ ಹೇಳಿದ.

ಕನ್ನಡಕದ ಸಂಗತಿ ಶುರುವಾದದ್ದು ಚಿಕ್ಕಮಗಳೂರಿನಲ್ಲಿ. ನನಗೆ ಚಿಕ್ಕಂದಿನಿಂದ ದೂರದ್ದು ಕಾಣುವುದಿಲ್ಲ. ಗಾಜು ಬದಲಾಯಿಸಲು ಹೋದ ದಿನ ಗೋಣಿಚೀಲ ತರಲೆಂದು ಅವನೂ ಜೊತೆಗಿದ್ದ. ನನ್ನ ಕೆಲಸ ಮುಗಿಯುವವರೆಗೆ ಸುಮ್ಮನೆ ಕೂರಲಾರದೆ, ಸ್ಟ್ಯಾಂಡಿನಲ್ಲಿದ್ದ ದಪ್ಪನೆಯ ಕಪ್ಪು ಫ್ರೇಮೊಂದನ್ನು ತೆಗೆದು ಹಾಕಿಕೊಂಡ.

"ಸಾರ್, ಇದು ನಿಮ್ಮ ಮುಖಕ್ಕೇ ಮಾಡಿದಂಗಿದೆ ನೋಡಿ," ಅಂದಳು ಕೌಂಟರಿನ ಹೆಣ್ಣುಮಗಳು.

ಸಾರ್ ಯಾರೆಂದು ನಾನು ತಿರುಗಿ ನೋಡಿದೆ. ರೇಣುವೂ ತಿರುಗಿ ನೋಡಿದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆಮೇಲೆ ಅವನು ಕನ್ನಡಿಯ ಕಡೆ ನೋಡಿದ, ನೋಡುತ್ತಲೇ ಇದ್ದ. ಗಿರಾಕಿ ಯಾವ ಗಳಿಗೆಯಲ್ಲಿ ಕೈಗೆ ಸಿಕ್ಕ ಅನ್ನುವುದು ನನಗೆ ತಿಳಿಯುತ್ತದೆ. ಆ ಹುಡುಗಿಗೂ ತಿಳಿಯಿತು. ಹೊಟ್ಟೆಕಿಚ್ಚಿಲ್ಲದೆ ಹೇಳಬೇಕೆಂದರೆ ಅದು ನಿಜಕ್ಕೂ ಒಪ್ಪುತ್ತಿತ್ತು. ಎಲ್ಲಿ ಶುರು, ಎಲ್ಲಿ ಕೊನೆ ಎಂದು ಗೊತ್ತಾಗದೆ ಬಿದ್ದಿದ್ದ ಜಮೀನಿಗೆ ಬೇಲಿ ಹಾಕಿದ ಹಾಗೆ, ಮುಖಕ್ಕೆ ಒಬ್ಬ ಯಜಮಾನ ಬಂದಿದ್ದ.

ಅವಳು ಅವನನ್ನು ಮೆಷಿನ್ ಮುಂದೆ ಕೂರಿಸಿ ಕಣ್ಣು ಪರೀಕ್ಷಿಸಿದಳು. "ಏನೂ ತೊಂದ್ರೆ ಇಲ್ಲ ಸಾರ್. ನಿಮ್ಮ ಕಣ್ಣು ಫಸ್ಟ್ ಕ್ಲಾಸ್."

"ಸ್ವಲ್ಪಾನೂ ಇಲ್ವಾ?"

"ಸ್ವಲ್ಪಾನೂ ಇಲ್ಲ."

ಸಕ್ಕರೆ ಕಾಯಿಲೆ ಇದೆ ಎಂದು ಡಾಕ್ಟರು ಹೇಳಿದಾಗ ಬೇರೆಯವರು ಮಾಡಿಕೊಳ್ಳುವ ಮುಖ ಮಾಡಿಕೊಂಡು ಅವನು ಫ್ರೇಮನ್ನು ಸ್ಟ್ಯಾಂಡಿಗೆ ಹಿಂತಿರುಗಿಸಿದ. "ಕಣ್ಣು ಚೆನ್ನಾಗಿದೆ ಅಂದ್ರೆ ಯಾರಾದ್ರೂ ಅಳು ಮುಖ ಮಾಡ್ತಾರಾ ಮಾರಾಯ?" ಅಂದೆ.

ಮುಂದಿನ ರಜೆಯ ದಿನ ಒಬ್ಬನೇ ಬಸ್ ಹತ್ತಿ ಹೋದವನು ಸೋಮವಾರ ಅದೇ ಕಪ್ಪು ಫ್ರೇಮು ಹಾಕಿಕೊಂಡು ಗೋದಾಮಿಗೆ ಬಂದ.

"ದೂರದ್ದು ಸ್ವಲ್ಪ ಮಂಜಾಗ್ತಿತ್ತು ಯಜಮಾನ್ರೇ."

"ಒಳ್ಳೇದಾಯ್ತು ಬಿಡು, ಈಗ್ಲೇ ನೋಡ್ಕೊಂಡಿದ್ದು," ಅಂದೆ.

ನನ್ನಂಥವರ ಕನ್ನಡಕವನ್ನು ಎದುರಿಂದ ನೋಡಿದರೆ ಗಾಜಿನ ಹಿಂದೆ ಕೆನ್ನೆಯ ಅಂಚು ಒಳಕ್ಕೆ ಮುರಿದಂತೆ ಕಾಣುತ್ತದೆ. ಅವನ ಕೆನ್ನೆ ನೆಟ್ಟಗೆ ಇಳಿದಿತ್ತು. ಪವರ್ ಇಲ್ಲದ ಬರೀ ಗಾಜು. ಆದರೆ ಇನ್ನೊಬ್ಬರ ಸರಕಿನ ಗುಟ್ಟನ್ನು ಬಯಲಿಗೆ ಹಾಕುವುದು ನನ್ನ ಕಸುಬಿಗೆ ಒಗ್ಗುವುದಿಲ್ಲ.

ಅಲ್ಲಿಂದ ಅವನು ಬೇರೆ ಮನುಷ್ಯನಾದ. ಅಂಗಿಗೆ ಇಸ್ತ್ರಿ ಬಂತು, ಬೆನ್ನು ನೆಟ್ಟಗಾಯಿತು. ಮೊದಲೆಲ್ಲ ಕ್ಷಮೆ ಕೇಳುವವನಂತೆ ತೂಕ ಹೇಳುತ್ತಿದ್ದ. ಈಗ ಒಂದು ಬೆರಳಿನಿಂದ ಕನ್ನಡಕವನ್ನು ಮೂಗಿನ ಮೇಲೆ ಮೇಲಕ್ಕೆ ತಳ್ಳಿ, ಅಂಕಿಯನ್ನು ನೋಡಿ, ಎರಡು ಉಸಿರಿನಷ್ಟು ತಡೆದು ಕೂಗುತ್ತಿದ್ದ. ಆ ತಡೆಯುವಿಕೆಯಲ್ಲಿ ಎಂಥ ಜಗಳಗಂಟ ಬೆಳೆಗಾರನೂ ಮೆತ್ತಗಾಗುತ್ತಿದ್ದ. "ಸಾರ್, ಬೇಜಾರಿಲ್ದಿದ್ರೆ ಇನ್ನೊಂದ್ಸಲ ನೋಡ್ತೀರಾ?" ಎಂದು ಕೇಳುವವರು ಹುಟ್ಟಿಕೊಂಡರು. ಹೊಸದಾಗಿ ಬಂದ ಒಬ್ಬರು ನಮ್ಮಿಬ್ಬರನ್ನೂ ನೋಡಿ, ಅವನಿಗೆ ಕೈಮುಗಿದು, ನನಗೆ "ಸ್ವಲ್ಪ ಮೂಟೆ ಇಳಿಸಪ್ಪ" ಅಂದರು. ವ್ಯಾಪಾರ ಮುಖ್ಯವೆಂದು ಇಳಿಸಿದೆ.

ಸಂಜೆ ಗೋದಾಮು ಮುಚ್ಚಿದ ಮೇಲೆ ಅವನು ಬಸ್ ಸ್ಟ್ಯಾಂಡಿಗೆ ಹೋಗಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಬರುವ ಬಸ್ಸುಗಳನ್ನು ನೋಡುತ್ತ ನಿಲ್ಲುವುದನ್ನು ರೂಢಿ ಮಾಡಿಕೊಂಡ. ಕಂಡಕ್ಟರು "ಸಾರ್, ಬರ್ತೀರಾ?" ಎಂದರೆ "ಇಲ್ಲ, ಮುಂದಿನದು" ಅನ್ನುತ್ತಿದ್ದ. ಮುಂದಿನದಕ್ಕೂ ಅದೇ ಉತ್ತರ. ಕೊನೆಯ ಬಸ್ಸೂ ಹೋದ ಮೇಲೆ ಗಿರಣಿಯ ಹಿಂದಿನ ಕೋಣೆಗೆ ನಡೆದು ಹೋಗುತ್ತಿದ್ದ. ಆ ಕೋಣೆಯಲ್ಲಿ ಅವನನ್ನು ಸಾರ್ ಅನ್ನುವವರು ಯಾರಿದ್ದಾರೆ?

ಒಂದೇ ಒಂದು ತೊಡಕು ಹುಟ್ಟಿತು. ನಮ್ಮ ಕಡೆ ಕನ್ನಡಕ ಅನ್ನುವುದು ಒಬ್ಬರ ಸ್ವತ್ತಲ್ಲ. ಬ್ಯಾಂಕಿನಲ್ಲಿ, ಸೊಸೈಟಿಯಲ್ಲಿ, ಬಸ್ಸಿನಲ್ಲಿ, ಯಾರ ಮೂಗಿನ ಮೇಲಿದ್ದರೂ ಓದಬೇಕಾದವರು ಕೈ ಚಾಚುತ್ತಾರೆ. ಒಂದೇ ಕನ್ನಡಕ ಹತ್ತು ಮೂಗು ಸುತ್ತಿ ಬರುತ್ತದೆ. ನನ್ನದನ್ನು ಹಾಕಿಕೊಂಡವರಿಗೆ ತಲೆ ತಿರುಗುವುದರಿಂದ ಯಾರೂ ನನ್ನನ್ನು ಕೇಳುವುದಿಲ್ಲ. ಹಾಗಾಗಿ ಎಲ್ಲರೂ ರೇಣುವಿನ ಕಡೆ ತಿರುಗಿದರು. ಮೊದಲು ತಿರುಗಿದವರು ಹಿರಿಯ ಬೆಳೆಗಾರ ಮಲ್ಲಿಕಾರ್ಜುನಪ್ಪನವರು. ಕೈಯಲ್ಲಿ ಯಾವುದೋ ಗೊಬ್ಬರದ ಚೀಟಿ.

"ಕೊಡೋ ಇಲ್ಲಿ ನಿನ್ನ ಕನ್ನಡಕ, ಇದೇನು ಬರ್ದಿದಾರೆ ನೋಡಾಣ."

"ಇದು ದೂರದ್ದು ಅಪ್ಪಾಜಿ. ಹತ್ರದ್ದಲ್ಲ."

"ದೂರದ್ದೇ ಕೊಡು. ನಾನು ಚೀಟೀನ ದೂರ ಹಿಡ್ಕೋತೀನಿ."

"ಪವರ್ ಜಾಸ್ತಿ ಇದೆ. ನಿಮ್ಮ ಕಣ್ಣಿಗೆ ಏನಾದ್ರೂ ಆದ್ರೆ..."

"ಎಂಬತ್ತು ವರ್ಷ ಆಯ್ತು, ಇನ್ನೇನಾಗ್ಬೇಕು ಮಾರಾಯ ಈ ಕಣ್ಣಿಗೆ!"

ರೇಣು ಕೊಡಲಿಲ್ಲ. ನೀರು ಕುಡಿಯುವ ನೆಪ ಹೇಳಿ ಹಿತ್ತಲಿಗೆ ಹೋದ. ಮಲ್ಲಿಕಾರ್ಜುನಪ್ಪನವರು, "ನೀರು ಕೇಳಿದ್ರೂ ಕೊಡ್ತಾನೋ ಇಲ್ವೋ," ಎಂದು ಎಲ್ಲರಿಗೂ ಕೇಳುವಂತೆ ಅಂದರು. ಅದರ ನಂತರ ಯಾರಾದರೂ ಜೇಬಿನಿಂದ ಕಾಗದ ತೆಗೆದರೆ ಸಾಕು, ಅವನು ಮೂಟೆಗಳ ಹಿಂದೆ ಮಾಯವಾಗುತ್ತಿದ್ದ. ಸಾರ್ ಅನ್ನುವವರು ಹೆಚ್ಚಾದರು, ಪಕ್ಕದಲ್ಲಿ ಕೂತು ಚಹಾ ಕುಡಿಯುವವರು ಕಡಿಮೆಯಾದರು.

ದೇವೀರಮ್ಮ ವಸ್ತಾರೆ ಕಡೆಯವರು. ಗಂಡ ತೀರಿಕೊಂಡ ಮೇಲೆ ತೋಟವನ್ನು ತಾವೇ ನೋಡಿಕೊಳ್ಳುತ್ತಾರೆ, ಕಾಫಿಯನ್ನು ತಾವೇ ಪಿಕಪ್ ಗಾಡಿಯಲ್ಲಿ ತರುತ್ತಾರೆ. ನನಗೆ ತೇವದ ಮಾತು ಆಡಲು ಬಿಡದ ಏಕೈಕ ಗಿರಾಕಿ. ರೇಣುವನ್ನು ಕನ್ನಡಕದಲ್ಲಿ ಮೊದಲ ಸಲ ಕಂಡಾಗ, "ಯಾರೋ ಹೊಸಬ್ರು ಬಂದಿದಾರೆ ಅನ್ಕೊಂಡೆ. ಹೆಸರೇನು ಸ್ವಾಮಿ?" ಎಂದು ತಮಾಷೆ ಮಾಡಿದರು. ಅವನು ಗಂಭೀರವಾಗಿ ಪೂರ್ತಿ ಹೆಸರು ಹೇಳಿದ. ಆಕೆ ನಗಲಿಲ್ಲ. "ಒಪ್ಪುತ್ತೆ ನಿಮ್ಗೆ," ಅಂದರು. ಮುಂದೆ ಬಂದಾಗಲೆಲ್ಲ, "ರೇಣುಕಪ್ರಸಾದ್ ಅವ್ರೇ, ಹೇಗಿದೀರಾ?" ಆ ಪಿಕಪ್ಪಿನ ಸದ್ದು ಅವನಿಗೆ ತಿರುವಿನಲ್ಲೇ ಗುರುತು ಸಿಗುತ್ತಿತ್ತು. ಅದು ಬಾಗಿಲಿಗೆ ಬರುವುದರೊಳಗೆ ಕನ್ನಡಕ ಒರೆಸಿ ಆಗಿರುತ್ತಿತ್ತು.

ಹೋದ ವರ್ಷ ಕೊಯ್ಲೆಲ್ಲ ಮುಗಿದ ಮೇಲೆ ಆಕೆ ತಮ್ಮನ ಮದುವೆಗೆ ಕರೆಯಲು ಬಂದರು. ನಮ್ಮ ಗೋದಾಮಿಗೆ ಬರುವ ಲಗ್ನಪತ್ರಿಕೆಗಳ ಮೇಲೆ ನನ್ನ ಹೆಸರು, ಅದರ ಕೆಳಗೆ 'ಮತ್ತು ಸಿಬ್ಬಂದಿ ವರ್ಗ' ಎಂದಿರುತ್ತದೆ. ಲೆಕ್ಕವಿಲ್ಲದಷ್ಟು ಮದುವೆಗಳಲ್ಲಿ ರೇಣು ಸಿಬ್ಬಂದಿ ವರ್ಗವಾಗಿ ಊಟ ಮಾಡಿದ್ದಾನೆ. ದೇವೀರಮ್ಮ ನನ್ನ ಪತ್ರಿಕೆ ಕೊಟ್ಟ ಮೇಲೆ ಇನ್ನೊಂದನ್ನು ಹೊರತೆಗೆದರು. ಅದರ ಕವರಿನ ಮೇಲೆ ಹೆಸರಿರಲಿಲ್ಲ.

"ಇವ್ರಿಗೆ ಬೇರೆ ಕೊಡ್ಬೇಕು. ಇವ್ರ ಎದುರೇ ಬರೆಯಾಣ ಅಂತ ಹಂಗೇ ತಂದೆ." ಚೀಲದಲ್ಲಿ ತಡಕಾಡಿದರು. "ಅಯ್ಯೋ, ಕನ್ನಡಕ ಮನೇಲೇ ಬಿಟ್ಟು ಬಂದಿದೀನಿ."

"ಕೊಡಿ, ನಾನು ಬರೀತೀನಿ," ಅಂದೆ.

"ಕರೆಯೋರು ನಾವು, ಬರೆಯೋರು ನೀವಾ? ಅದು ಚೆನ್ನಾಗಿರಲ್ಲ." ರೇಣುವಿನ ಕಡೆ ಕೈ ಚಾಚಿದರು. "ರೇಣುಕಪ್ರಸಾದ್ ಅವ್ರೇ, ಒಂದ್ನಿಮಿಷ ನಿಮ್ದು ಕೊಡಿ."

ಮೂಟೆ ಹೊರುವ ಉಮೇಶ್ ಮೂಲೆಯಿಂದ ನಕ್ಕ. "ಅಕ್ಕ, ಅವ್ರು ಕೊಡಲ್ಲ. ಮಲ್ಲಿಕಾರ್ಜುನಪ್ಪೋರಿಗೇ ಕೊಟ್ಟಿಲ್ಲ."

ಆಕೆಯ ಕೈ ಚಾಚಿಯೇ ಇತ್ತು. ಕೊಡದಿದ್ದರೆ ಅವನನ್ನು ಪೂರ್ತಿ ಹೆಸರಿನಿಂದ ಕರೆಯುವ ಒಬ್ಬರೇ ಒಬ್ಬರಿಗೆ ಅವಮಾನ ಮಾಡಿದಂತೆ. ಕೊಟ್ಟರೆ, ಆ ಹೆಸರಿನ ಮನುಷ್ಯ ಬರೀ ಗಾಜು ಎಂದು ಅವರಿಗೇ ತಿಳಿಯುತ್ತದೆ. ನಾನು ಮಾತು ತೇಲಿಸಲು ಚಹಾ ತರಿಸಲೇ ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ರೇಣು ಕನ್ನಡಕ ತೆಗೆದು ಕೊಟ್ಟ.

ದೇವೀರಮ್ಮ ಹಾಕಿಕೊಂಡರು, ಕವರಿನ ಮೇಲೆ ಬಗ್ಗಿದರು. ಪೆನ್ನು ನಿಂತಿತು. ತಲೆಯೆತ್ತಿ ಒಮ್ಮೆ ಮೂಟೆಗಳ ಕಡೆ ನೋಡಿದರು, ಮತ್ತೆ ಕವರನ್ನು ನೋಡಿದರು. ಗಿರಾಕಿಗಳ ಮುಖ ಓದಿ ಬದುಕುವ ನಾನು ಕಾದೆ. ಆ ಮುಖದಲ್ಲಿ ಏನೂ ಕದಲಲಿಲ್ಲ.

"ಹ್ಞಾ, ಈಗ ಸರಿಯಾಯ್ತು," ಅಂದರು. ಬರೆದರು.

ಶ್ರೀ ಎಲ್ಲಿರಬೇಕೋ ಅಲ್ಲಿತ್ತು. ಅಲ್ಲಿಂದಾಚೆಗೆ ಅಕ್ಷರಗಳು ಇಳಿಜಾರಿಗೆ ಬಿದ್ದಿದ್ದವು. ಒಂದು ಇನ್ನೊಂದರ ಹೆಗಲೇರಿ, ಕೊನೆಯದು ಕವರಿನ ಅಂಚಿನಿಂದ ಹೊರಗೆ ಜಾರುವುದರಲ್ಲಿತ್ತು. ಆಕೆ ಸೆರಗಿನ ತುದಿಯಲ್ಲಿ ಗಾಜು ಒರೆಸಿ, ಕನ್ನಡಕವನ್ನೂ ಪತ್ರಿಕೆಯನ್ನೂ ಎರಡು ಕೈಯಲ್ಲಿ ಹಿಡಿದು ಕೊಟ್ಟರು. "ಬರ್ಲೇಬೇಕು. ಇವ್ರ ಜೊತೆ ಬಂದ್ರೂ ಸರಿ, ಒಬ್ರೇ ಬಂದ್ರೂ ಸರಿ."

ಪಿಕಪ್ ಹೊರಟ ಮೇಲೆ ಉಮೇಶ್, "ಅಕ್ಕನಿಗಾದ್ರೆ ಕೊಟ್ರಲ್ಲ ಸಾರ್," ಎಂದು ಛೇಡಿಸಿದ. ರೇಣು ಆ ಕವರನ್ನು ನೋಡುತ್ತಿದ್ದ. ಒಂದಕ್ಷರವೂ ಕಾಣದೆ ಬರೆದಿದ್ದಾರೆಂಬುದು ಅವನಿಗೆ ತಿಳಿಯಿತು. ಅವನಿಗೆ ತಿಳಿಯಿತೆಂಬುದು ನನಗೆ ತಿಳಿಯಿತು. ಆಕೆ ನಕ್ಕುಬಿಟ್ಟಿದ್ದರೆ ಒಂದು ವಾರದಲ್ಲಿ ಊರೇ ನಕ್ಕು ಮುಗಿಸುತ್ತಿತ್ತು, ಅವನೂ ಎರಡು ಬೈದು ಹಗುರಾಗುತ್ತಿದ್ದ. ನಗದೆ ಹೋದರು. ಅದಕ್ಕೆ ಏನು ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ.

ಮದುವೆಯ ದಿನ ಜೀಪಿನಲ್ಲಿ ಅವನನ್ನೂ ಕರೆದುಕೊಂಡು ಚಿಕ್ಕಮಗಳೂರಿಗೆ ಹೊರಟೆ. ಹೊಸ ಬಿಳಿ ಅಂಗಿ, ನುಣ್ಣಗೆ ಬೋಳಿಸಿದ ಗಡ್ಡ, ಮೂಗಿನ ಮೇಲೆ ಕಪ್ಪು ಫ್ರೇಮು. ಮದುಮಗನ ಕಡೆಯ ಇಂಜಿನಿಯರ್ ಅಂದರೂ ನಂಬಬಹುದು. ವಸ್ತಾರೆ ದಾಟಿದ ಮೇಲೆ ಒಂದು ಮಾತಾಡಿದ. "ಯಜಮಾನ್ರೇ, ಕಾಲರ್ ಸರಿ ಇದ್ಯಾ?"

"ಸರಿ ಇದೆ. ನನ್ನನ್ನ ಡ್ರೈವರ್ ಅಂತ ಒಳಗೆ ಬಿಡ್ದಿದ್ರೆ ನೀನೇ ಹೇಳ್ಬೇಕು."

ಅವನು ಕಾಲರನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡ. ಕಲ್ಯಾಣ ಮಂಟಪದ ಬಾಗಿಲಲ್ಲಿ ದೇವೀರಮ್ಮ ನಿಂತು ಬಂದವರಿಗೆ ಪನ್ನೀರು ಚಿಮುಕಿಸುತ್ತಿದ್ದರು. ಅಂದು ಅವರ ಕಣ್ಣಿಗೆ ಅವರದೇ ಕನ್ನಡಕವಿತ್ತು. ರೇಣು ಜೀಪಿನಿಂದ ಇಳಿದು ಅಷ್ಟು ದೂರದಿಂದ ಅವರನ್ನು ನೋಡಿದ.

"ನೀವು ನಡೀರಿ. ಹಿಂದಿನ ಟೈರಿಗೆ ಗಾಳಿ ಕಮ್ಮಿ ಆದಂಗಿದೆ, ನೋಡ್ಕೊಂಡು ಬರ್ತೀನಿ."

ಗಾಳಿ ಹಿಂದಿನ ಸಂಜೆಯಷ್ಟೇ ಹಾಕಿಸಿದ್ದೆ. "ಬೇಗ ಬಾ," ಎಂದು ನಡೆದೆ.

ದೇವೀರಮ್ಮ ನನ್ನ ಬೆನ್ನ ಹಿಂದೆ ನೋಡಿದರು. "ಅವ್ರು?"

"ಬಂದಿದಾನೆ. ಟೈರ್ ನೋಡ್ತಿದಾನೆ."

ಮುಹೂರ್ತವಾಯಿತು, ಒಂದು ಪಂಕ್ತಿ ಎದ್ದು ಇನ್ನೊಂದು ಕೂತಿತು, ನನ್ನ ಪಕ್ಕದ ಎಲೆಗೆ ಬೇರೆ ಯಾರೋ ಬಂದು ಕೂತರು. ಊಟವಾದ ಮೇಲೆ ಹೊರಟ ನನ್ನ ಹಿಂದೆ ದೇವೀರಮ್ಮ ಎರಡು ತಾಂಬೂಲದ ಚೀಲ ಹಿಡಿದು ಗೇಟಿನವರೆಗೂ ಬಂದರು. ಜೀಪಿನ ಹತ್ತಿರ ಯಾರೂ ಇರಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ, ಬಾಗಿಲು ಮುಚ್ಚಿದ ಅಂಗಡಿಯೊಂದರ ಮುಂದೆ ಬಿಳಿ ಅಂಗಿಯವನೊಬ್ಬ ನಮಗೆ ಬೆನ್ನು ಹಾಕಿ ಬೋರ್ಡು ಓದುತ್ತ ನಿಂತಿದ್ದ. ಆಕೆಯೂ ನೋಡಿದರು. ಕೂಗಿ ಕರೆಯುತ್ತಾರೆ ಅಂದುಕೊಂಡೆ. ಕರೆಯಲಿಲ್ಲ.

"ಊಟ ಮಾಡಿದ್ರಾ ಅವ್ರು?"

"ಮೊದಲ್ನೇ ಪಂಕ್ತೀಲೇ ಆಯ್ತಲ್ಲ."

ಆಕೆ ಅಂದು ಪ್ರತಿ ಪಂಕ್ತಿಯಲ್ಲೂ ಎಲೆ ಎಲೆಯ ಮುಂದೆ ನಿಂತು ವಿಚಾರಿಸಿಕೊಂಡಿದ್ದರು. "ಹಾಗಾದ್ರೆ ಸರಿ," ಎಂದು ಎರಡು ಚೀಲವನ್ನೂ ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ವಾಪಸ್ ಬರುವಾಗ ಅವನು ತನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪೇಟೆ ದಾಟಿದ ಮೇಲೆ ಕೇಳಿದ: "ಏನಂದ್ರು?"

"ನಿಂದು ಊಟ ಆಯ್ತಾ ಅಂತ ಕೇಳಿದ್ರು."

"ನೀವೇನಂದ್ರಿ?"

"ಆಯ್ತು ಅಂದೆ."

"ಒಳ್ಳೇದಾಯ್ತು," ಅಂದ.

ವಸ್ತಾರೆಯಲ್ಲಿ ಒಂದು ಹೋಟೆಲಿನ ಮುಂದೆ ಜೀಪು ನಿಲ್ಲಿಸಿದೆ. ಒಳಗಿನಿಂದ ದೋಸೆಯ ವಾಸನೆ ರಸ್ತೆಗೇ ಬರುತ್ತಿತ್ತು. "ಇಳಿ, ಏನಾದ್ರೂ ತಿನ್ನು."

ಅವನು ಒಂದು ಬೆರಳಿನಿಂದ ಕನ್ನಡಕವನ್ನು ಮೇಲಕ್ಕೆ ತಳ್ಳಿ, ಎದುರಿನ ರಸ್ತೆಯನ್ನೇ ನೋಡುತ್ತ ಹೇಳಿದ: "ಬೇಡ ಯಜಮಾನ್ರೇ. ಊಟ ಆಗಿದೆಯಲ್ಲ."