ಪವಿಗೆ ಹದಿನಾಲ್ಕು ತುಂಬಿತು

ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ರಚನಾ ಯಾರೊಡನೆ ಜಗಳವಾಡಿಲ್ಲ ಎಂದು ಹೇಳುವುದೇ ಸುಲಭ. ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಈ ಮೈಸೂರಿನ ಹೆಂಗಸು, ಜೊತೆಯವರ ಮೇಜಿನ ಮೇಲೆಲ್ಲ ಯೇಸುವಿನ ಕರಪತ್ರ ಇಟ್ಟು ಎರಡು ಸಲ ಎಚ್ಚರಿಕೆ ಪತ್ರ ಪಡೆದಿದ್ದಳು. ದೇವರ ಮಾತೆತ್ತಿದರೆ ಆಫೀಸಿನ ಜರ್ಮನರು ಮುಖ ಸಿಂಡರಿಸುತ್ತಿದ್ದರು. ಅವರು ಸಿಂಡರಿಸಿದಷ್ಟೂ ಇವಳ ಹಟ ಏರುತ್ತಿತ್ತು.

ಮೊದಲು ಹೀಗಿರಲಿಲ್ಲ. ಗಂಡ ಬಿಟ್ಟುಹೋದ ಚಳಿಗಾಲದಲ್ಲಿ ಆಪರೇಷನ್ ಆಗಿ ಹಾಸಿಗೆ ಹಿಡಿದಿದ್ದಾಗ, ಟೈರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಪ್ರಾರ್ಥನೆ ನಡೆಸುವ ಸುವಾರ್ತಾ ಸಭೆಯ ಹೆಂಗಸರು ಮೂರು ವಾರ ಊಟ ತಂದುಕೊಟ್ಟರು. ಬೇರೆ ಯಾವ ನರಪಿಳ್ಳೆಯೂ ಬಾಗಿಲು ತಟ್ಟಲಿಲ್ಲ. ಅಲ್ಲಿಗೆ ನಿಂತಿದ್ದರೆ ಅವಳನ್ನು ದೂರಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಆದರೆ ಊಟ ಬಡಿಸಿದ ಕೈಗಳೇ ಮುಂದೆ ಗೋಡೆಯ ಚಾಮುಂಡಿ ಫೋಟೊ ಇಳಿಸಿದವು. ಮಗಳು ಪವಿಯನ್ನು ಶಾಲೆಯಲ್ಲಿ ಕ್ರೈಸ್ತ ಧರ್ಮದ ತರಗತಿಗೆ ಹಾಕಿದ್ದೂ ಆಯಿತು.

ಹೋದ ವರ್ಷ ರಚನಾಳ ತಾಯಿ ಚಿಕ್ಕತಾಯಮ್ಮ ಮೈಸೂರಿನಲ್ಲಿ ತೀರಿಕೊಂಡರು. ಪವಿಯನ್ನು ಐದು ವರ್ಷ ಸಾಕಿದ ಅಜ್ಜಿ. ಅಜ್ಜಿ ಈಗ ಎಲ್ಲಿದ್ದಾರೆ ಎಂದು ಹುಡುಗಿ ಅಳುತ್ತ ಕೇಳಿದಾಗ, ರಚನಾ ಸಭೆಯಲ್ಲಿ ಕಲಿತ ಪಾಠ ಒಪ್ಪಿಸಿದಳು: ಯೇಸುವನ್ನು ನಂಬದೆ ಸತ್ತವರಿಗೆ ನರಕ. ಎಂಥ ಮಾತು! ಹೆತ್ತವ್ವನನ್ನು ಬೆಂಕಿಗೆ ಹಾಕಿ, ಪಾತ್ರೆ ತೊಳೆಯಲು ಹೋದಳು.

ಪವಿಗೆ ಹದಿನಾಲ್ಕು ತುಂಬಿದ ವಾರವೇ ಶಾಲೆಯಿಂದ ಕಾಗದ ಬಂತು. ಮಗಳು ಧರ್ಮದ ತರಗತಿ ಬಿಡುತ್ತಾಳಂತೆ, ತಾಯಿಯೂ ಬರಬೇಕಂತೆ.

"ನಾನು ಸೈನ್ ಹಾಕಿದ್ರೆ ತಾನೆ!" ಎಂದು ರಚನಾ ಟೊಂಕ ಕಟ್ಟಿ ಹೋದಳು.

ಅವಳ ಸೈನ್ ಯಾರಿಗೂ ಬೇಕಿರಲಿಲ್ಲ. ಹದಿನಾಲ್ಕಾದ ಮೇಲೆ ಧರ್ಮ ಮಕ್ಕಳದೇ ತೀರ್ಮಾನ, ತಾಯಿಯನ್ನು ಕರೆಯಬೇಕೆಂದಷ್ಟೇ ಕಾನೂನಿನಲ್ಲಿದೆ ಎಂದು ಮುಖ್ಯೋಪಾಧ್ಯಾಯಿನಿ ತಣ್ಣಗೆ ಹೇಳಿ ಕುರ್ಚಿ ತೋರಿಸಿದರು. ಪವಿ ತಾನು ಬರೆದದ್ದನ್ನು ಜರ್ಮನ್‌ನಲ್ಲಿ ಓದಿದಳು. ತನ್ನ ಅಜ್ಜಿಯನ್ನು ಸುಡುವ ದೇವರನ್ನು ತಾನು ನಂಬಲಾರೆ ಎಂದಿತ್ತು. ಓದಿ, ರುಜು ಹಾಕಿ ಕೊಟ್ಟಳು. ಮುಖ್ಯೋಪಾಧ್ಯಾಯಿನಿ ರಚನಾಳತ್ತ ನೋಡಿದ ನೋಟದಲ್ಲಿ ಮರುಕಕ್ಕಿಂತ ಅಸಹ್ಯವೇ ಹೆಚ್ಚಿತ್ತು.

ಶಾಲೆಯೆದುರಿನ ಸ್ಟಾಡ್ಟ್‌ಬಾನ್ ಎಂಬ ನಗರ ರೈಲಿನ ನಿಲ್ದಾಣದಲ್ಲಿ ರಚನಾ ಸಿಡಿದಳು. "ಅವರ ಮುಂದೆ ನನ್ ಮಾನ ಕಳೆದ್ಯಲ್ಲೇ! ನಿಮ್ಮಜ್ಜಿ ನಮ್ಮಮ್ಮ ಕಣೇ. ನಂಗೆ ಸಂಕಟ ಆಗಲ್ವಾ?"

ಮನೆಯಲ್ಲಿ ಯಾವಾಗಲೂ ಜರ್ಮನ್‌ನಲ್ಲೇ ಉತ್ತರಿಸುವ ಪವಿ ಈ ಸಲ ಕನ್ನಡದಲ್ಲಿ ಹೇಳಿದಳು: "ಹಾಗಾದ್ರೆ ಅಜ್ಜಿ ಅಲ್ಲಿಲ್ಲ ಅಂತ ಹೇಳಮ್ಮ. ಒಂದ್ಸಲ ಹೇಳು ಸಾಕು. ಈಗ್ಲೇ ಒಳಗೆ ಹೋಗಿ ಆ ಪೇಪರ್ ವಾಪಸ್ ತಗೋತೀನಿ."

ರಚನಾ ಬಾಯಿ ತೆರೆದಳು. ತಾಯಿಯ ಮುಖ ಕಣ್ಣೆದುರು ಬಂತು. ಭಾನುವಾರ ಸಭೆಯಲ್ಲಿ ಎಲ್ಲರೆದುರು ನಿಂತು ಇದಕ್ಕೆ ಏನು ಹೇಳಲಿ ಎಂಬ ಭಯವೂ ಹಿಂದೆಯೇ ಬಂತು. ಅವಳು ಪರ್ಸ್ ತೆಗೆದು ಟಿಕೆಟ್ ಹುಡುಕತೊಡಗಿದಳು.

ರೈಲು ಬಂತು. ಪವಿ ಮೊದಲು ಹತ್ತಿ ಕಿಟಕಿ ಪಕ್ಕ ಕುಳಿತಳು. ತಾಯಿ ಹತ್ತಿರ ಬರುವಷ್ಟರಲ್ಲಿ ಪಕ್ಕದ ಸೀಟಿನ ಮೇಲೆ ತನ್ನ ಬ್ಯಾಗ್ ಇಟ್ಟಳು.