ಕೆಂಪು ನಂಬರ್ ಪ್ಲೇಟಿನ ಎರಡು ದಿನ

ಕಾವಲಿಯಲ್ಲಿ ಸುಟ್ಟ ಹಲೂಮಿ ಚೀಸಿನ ವಾಸನೆ ಬಂತು, ಅದರೊಳಗಿನ ಪುದೀನ ಎಲೆಯದೂ ಸೇರಿ. ಕಳೆದ ಶುಕ್ರವಾರ, ದೋಹಾದ ಒಂದು ವಿಲ್ಲಾದ ಹಾಲ್‌ನಲ್ಲಿ, ತೀರಿಕೊಂಡವರಿಗಾಗಿ ಇಟ್ಟ ಪ್ರಾರ್ಥನೆ ಮುಗಿದು ತಟ್ಟೆಗಳು ಓಡಾಡುತ್ತಿದ್ದವು. ಕೇಟರಿಂಗ್‌ನವರು ಎಲ್ಲ ಪಾರ್ಟಿಗೂ ತರುವಂತೆ ಇಲ್ಲಿಗೂ ತಂದಿದ್ದರು. ನನಗೆ ಮಾತ್ರ ಆ ತುಂಡನ್ನು ಬಾಯಿಗಿಡಲಾಗಲಿಲ್ಲ. ಅದನ್ನು ನಾನು ಮೊದಲ ಸಲ ತಿಂದದ್ದು ಸೈಪ್ರಸ್ಸಿನ ಬೆಟ್ಟದ ಹಳ್ಳಿಯೊಂದರಲ್ಲಿ. ಎದುರಿಗೆ ಕುಳಿತಿದ್ದವರು ಈಗ ಗೋಡೆಯ ಮೇಲೆ, ಹಾರ ಹಾಕಿದ ಫೋಟೋದಲ್ಲಿ...

ಅವರನ್ನು ನಾನು ಬಾಯಮ್ಮ ಎನ್ನುತ್ತಿದ್ದೆ. ನಮ್ಮ ಉಡುಪಿ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಕರೆಯುವುದು. ಎರಡು ಸಾವಿರದ ಇಸವಿಯ ಆಚೀಚೆಯ ವರ್ಷಗಳಲ್ಲಿ ದೋಹಾದ ಬಿನ್ ಒಮ್ರಾನ್‌ನ ಹಳೇ ಕಟ್ಟಡದಲ್ಲಿ ನಮ್ಮದು ಎದುರುಬದುರು ಬಾಗಿಲು. ಅವರ ಮನೆಯಲ್ಲಿ ಕೊಂಕಣಿ, ನನ್ನದು ತುಳು, ನಮ್ಮಿಬ್ಬರ ನಡುವೆ ಕನ್ನಡ. ನಾನು ಒಂದು ಟ್ರೇಡಿಂಗ್ ಕಂಪನಿಯ ಅಕೌಂಟ್ಸ್ ಸೆಕ್ಷನ್ನಿನಲ್ಲಿದ್ದೆ. ನನ್ನ ಅಮ್ಮ ಬೀಡಿ ಕಟ್ಟಿ ನನ್ನನ್ನು ಬಿ.ಕಾಂ. ಓದಿಸಿದವಳು, ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಜೀವ ನಾನು. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ. ಬಾಯಮ್ಮನ ಗಂಡನಿಗೆ ಅದೊಂದು ತಮಾಷೆ. ಲಿಫ್ಟಿನಲ್ಲಿ ಸಿಕ್ಕಿದರೆ, "ಓ, ಡಿಗ್ರಿ ಮೇಡಂ! ಇವತ್ತು ಎಷ್ಟು ಕೂಡಿಸಿ ಎಷ್ಟು ಕಳೆದ್ರಿ?" ಎನ್ನುತ್ತಿದ್ದರು.

ಬಾಯಮ್ಮನಿಗೆ ಕಾಲೇಜು ಅರ್ಧಕ್ಕೇ ಬಿಡಿಸಿ ಮದುವೆ ಮಾಡಿದ್ದರು. ಅದಕ್ಕೆ ಮುಂಚೆ ಅವರು ಕಾರ್ಕಳದ ಕಡೆ ಅಪ್ಪನ ಬೇಕರಿಯ ವ್ಯಾನು ಓಡಿಸುತ್ತಿದ್ದರಂತೆ. ಬೆಳಿಗ್ಗೆ ಬೆಳಿಗ್ಗೆ ಬ್ರೆಡ್ಡು, ಬನ್ನು ತುಂಬಿಕೊಂಡು ಊರೂರು ಸುತ್ತುವ ಕೆಲಸ. ಆ ಕತೆ ಹೇಳುವಾಗ ಅವರ ಎಡಗೈ ತಾನಾಗಿ ಗೇರು ಬದಲಿಸುತ್ತಿತ್ತು. ಅಂಥವರು ದೋಹಾಕ್ಕೆ ಬಂದು ವರ್ಷಗಟ್ಟಲೆ ಗಂಡನ ಪಕ್ಕದ ಸೀಟಿನಲ್ಲಿ ಕುಳಿತಿದ್ದರು. ಗಂಡನ ವೀಸಾದಲ್ಲಿ ಬಂದ ಹೆಂಗಸಿಗೆ ಗಂಡನೇ ಸ್ಪಾನ್ಸರ್. ಲೈಸನ್ಸಿಗೆ ಹೋಗಬೇಕಾದರೆ ತನ್ನ ಆಕ್ಷೇಪ ಇಲ್ಲ ಎಂದು ಅವನು ಸಹಿ ಹಾಕಬೇಕು. ಅವರ ಗಂಡ ಹಾಕಲಿಲ್ಲ. ಕೇಳಿದಾಗಲೆಲ್ಲ "ನೋಡುವ" ಎನ್ನುತ್ತಿದ್ದರು. ಕಂಪನಿ ವೀಸಾದಲ್ಲಿದ್ದ ನನಗೆ ಅದೇ ಪತ್ರವನ್ನು ಕಂಪನಿಯ ಸರ್ಕಾರಿ ಕಾಗದಪತ್ರ ನೋಡುವ ನಮ್ಮ ಪಿಆರ್‌ಓ ಚಹಾ ಕುಡಿಯುತ್ತಾ ಮಾಡಿಕೊಟ್ಟಿದ್ದ. ನನ್ನ ಮತ್ತು ಅವರ ನಡುವೆ ಇದ್ದ ವ್ಯತ್ಯಾಸ ಇಷ್ಟೇ. ಬುದ್ಧಿಯದ್ದಲ್ಲ, ಧೈರ್ಯದ್ದೂ ಅಲ್ಲ.

ಒಂದು ವಾರಾಂತ್ಯಕ್ಕೆ ಅವರ ಗಂಡ ಸೈಪ್ರಸ್ ಪ್ರವಾಸ ಹಾಕಿದರು. ಮಗಳಿಗೆ ಆಗ ಮೂರು ವರ್ಷ. ಅವಳನ್ನು ಹಿಂದಿನ ಸೀಟಿನಲ್ಲಿ ಹಿಡಿದುಕೊಳ್ಳಲು ಒಂದು ಜನ ಬೇಕಿತ್ತು, ಅದಕ್ಕೆ ನನ್ನನ್ನು ಕರೆದರು. ನನಗೆ ಅದು ಗೊತ್ತಿತ್ತು. ನನ್ನ ಟಿಕೆಟ್ಟನ್ನು ನಾನೇ ತೆಗೆದುಕೊಂಡು ಹೋದೆ, ಆಯಾ ಅನ್ನಿಸಿಕೊಳ್ಳಬಾರದೆಂದು.

ವಿಮಾನ ಇಳಿದ ಲಾರ್ನಾಕಾದಲ್ಲಿ ಬಾಡಿಗೆಗೆ ಸಿಕ್ಕಿದ್ದು ಸಣ್ಣ ಬಿಳಿ ಕಾರು. ಅಲ್ಲಿ ಬಾಡಿಗೆ ಕಾರಿಗೆಲ್ಲ ಕೆಂಪು ನಂಬರ್ ಪ್ಲೇಟು, ಪರದೇಶಿ ಬಂದ, ದೂರ ನಿಲ್ಲಿ ಎಂದು ಊರವರಿಗೆ ತಿಳಿಯಲು. ಅವರ ಗಂಡ ಠೀವಿಯಿಂದ ಎಡಬಾಗಿಲು ತೆಗೆದು ಕುಳಿತು ಕೈ ಚಾಚಿದರು. ಸ್ಟಿಯರಿಂಗ್ ಇರಲಿಲ್ಲ. ಅದು ನಮ್ಮ ಊರಿನ ಹಾಗೆ ಬಲಕ್ಕಿತ್ತು. ಅವರು ಡ್ರೈವಿಂಗ್ ಕಲಿತದ್ದೇ ದೋಹಾದಲ್ಲಿ, ಬಲಬದಿಯ ರಸ್ತೆಯಲ್ಲಿ. ಆ ಕಡೆ ಬಂದು ಕುಳಿತು, "ಯಲ್ಲಾ" ಎಂದು ಹೊರಟವರು ಮೊದಲ ರೌಂಡಬೌಟಿನಲ್ಲೇ ಬಲಕ್ಕೆ ತಿರುಗಿದರು. ಎದುರಿನಿಂದ ಬಂದ ಲಾರಿ ಕಿರುಚಿ ನಿಂತಿತು. ನನ್ನ ತೊಡೆಯ ಮೇಲಿದ್ದ ಮಗು ಅಳಲು ಶುರು ಮಾಡಿತು. ಕಾರನ್ನು ಹೇಗೋ ಬದಿಗೆ ತಂದು ನಿಲ್ಲಿಸಿದರು.

"ಈ ಗಾಡಿಯಲ್ಲೇ ಎಂಥದೋ ಫಾಲ್ಟ್ ಉಂಟು," ಎಂದರು.

"ಗಾಡಿಯಲ್ಲಿ ಎಂಥದೂ ಇಲ್ಲ," ಎಂದರು ಬಾಯಮ್ಮ. "ನೀವು ಇಳೀರಿ."

"ಇಳಿದು?"

"ಆಚೆ ಬಂದು ಕೂತ್ಕೊಳ್ಳಿ. ನನ್ನ ಹತ್ರ ಇಂಟರ್‌ನ್ಯಾಷನಲ್ ಪರ್ಮಿಟ್ ಉಂಟು. ಮೊನ್ನೆ ರಜೆಯಲ್ಲಿ ಊರಲ್ಲಿ ಮಾಡಿಸಿದ್ದು."

"ನನ್ನನ್ನು ಕೇಳದೆ?"

"ಕೇಳಿದ್ರೆ ನೀವು ನೋಡುವ ಅಂತಿದ್ರಿ."

ಬಾಡಿಗೆ ಆಫೀಸು ಇನ್ನೂ ಕಣ್ಣಿಗೆ ಕಾಣುತ್ತಿತ್ತು. ನಡೆದು ಹೋಗಿ ಅವರ ಹೆಸರು ಸೇರಿಸಿ ಬಂದೆವು. ಆಮೇಲೆ ಎರಡು ದಿನ ಆ ಕಾರು ಅವರ ಕೈಯಲ್ಲಿತ್ತು.

ನಾನು ನೋಡಿದ ಜಾಗಗಳು ಈಗ ನೆನಪಿನಲ್ಲಿ ಕಲಸಿಹೋಗಿವೆ. ಉಪ್ಪಿನ ಸರೋವರ, ಲೇಸ್ ಹೆಣೆಯುವ ಹೆಂಗಸರು ಬಾಗಿಲಲ್ಲಿ ಕುಳಿತಿದ್ದ ಒಂದು ಹಳ್ಳಿ, ಕಡಲಿನಲ್ಲಿ ನಿಂತ ದೊಡ್ಡ ಬಂಡೆ... ಕಲಸದೆ ಉಳಿದದ್ದು ಅವರ ಕುತ್ತಿಗೆ, ಹಿಂದಿನ ಸೀಟಿನಿಂದ ಕಂಡ ಹಾಗೆ. ನೆಟ್ಟಗೆ, ಹಗುರಾಗಿ. ಟ್ರೂಡೋಸ್ ಬೆಟ್ಟದ ತಿರುವುಗಳಲ್ಲಿ ಸೆಕೆಂಡ್ ಗೇರಿಗೆ ಇಳಿಸಿ, ಪ್ರತಿ ತಿರುವಿಗೂ ನಮ್ಮ ಘಾಟಿಯ ಹಾಗೆ ಉದ್ದಕ್ಕೆ ಹಾರ್ನ್ ಹೊಡೆಯುತ್ತಿದ್ದರು. ಆ ದೇಶದಲ್ಲಿ ಯಾರೂ ಹಾಗೆ ಹೊಡೆಯುವುದಿಲ್ಲ. ಒಬ್ಬ ಮುದುಕ ದ್ರಾಕ್ಷಿ ಚಪ್ಪರದಡಿಯಿಂದ ಎದ್ದು ಬಂದು ಯಾರ ಮದುವೆ ದಿಬ್ಬಣವೋ ಎಂಬಂತೆ ನೋಡಿದ. ಬಾಯಮ್ಮ ಅವನಿಗೆ ಕೈ ಬೀಸಿದರು. ಗಂಡ, "ಮೆಲ್ಲ ಮಾರಾಯ್ತಿ, ಬನ್ನು ಆರಿಹೋಗುದಿಲ್ಲ," ಎಂದರು. ಬಾಯಮ್ಮ ನಕ್ಕ ನಗೆ ಬಿನ್ ಒಮ್ರಾನ್‌ನಲ್ಲಿ ನಾನು ಒಮ್ಮೆಯೂ ಕೇಳಿದ್ದಲ್ಲ.

ಬೆಟ್ಟದ ಮೇಲಿನ ಹಳ್ಳಿಯಲ್ಲಿ ಊಟಕ್ಕೆ ನಿಂತೆವು. ಗಂಡನಿಗೆ ಬಿಯರ್ ಬಂತು, ಸುಟ್ಟ ಚೀಸು ಬಂತು, ಮನಸ್ಸು ಸಡಿಲವಾಯಿತು. ಬಾಯಮ್ಮ ನೇರ ಕೇಳಿಯೇಬಿಟ್ಟರು. "ಈಗ ನೋಡಿದ್ರಲ್ಲ. ದೋಹಾಕ್ಕೆ ಹೋದ ಕೂಡಲೇ ಸೈನ್ ಹಾಕ್ತೀರಾ?"

"ಹಾಕುವ. ಆದಿತ್ಯವಾರವೇ ಹಾಕುವ. ಡಿಗ್ರಿ ಮೇಡಂ ಸಾಕ್ಷಿ, ಆಯ್ತಾ?"

ಆಯ್ತು ಎಂದೆ. ಸಾಕ್ಷಿ ಎಂದು ನನ್ನನ್ನು ಕರೆದವರು ಅವರೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆದಿತ್ಯವಾರ ಬಂತು. ಹೋಯಿತು. ಬಾಯಮ್ಮ ನೆನಪಿಸಿದರು. "ಅಲ್ಲಿ ಖಾಲಿ ರಸ್ತೆ. ಇಲ್ಲಿ ಹಿಂದಿನಿಂದ ಲ್ಯಾಂಡ್ ಕ್ರೂಸರಿನವನು ಲೈಟ್ ಹೊಡೆದ್ರೆ ಎಂತ ಮಾಡ್ತಿ? ಖಲಾಸ್, ಆ ಮಾತು ಬಿಡು," ಎಂದು ಉತ್ತರ ಬಂತು. ನಾನು ಬಾಗಿಲು ತಟ್ಟಿ ಹೋಗಿ, "ಸರ್, ನೀವು ನನ್ನ ಎದುರೇ ಮಾತು ಕೊಟ್ಟದ್ದು," ಎಂದೆ. "ಗಂಡ ಹೆಂಡತಿ ಮಾತಿಗೆ ಬಿ.ಕಾಂ. ಬೇಡ ಮೇಡಂ," ಎಂದು ನಗುತ್ತಲೇ ಬಾಗಿಲು ಹಾಕಿದರು. ಆ ನಗು ನನಗೆ ಇವತ್ತಿಗೂ ಉರಿಯುತ್ತದೆ. ರೌಂಡಬೌಟಿನಲ್ಲಿ ನಮ್ಮನ್ನೆಲ್ಲ ಸಾಯಿಸಲು ಹೊರಟವನು ಹೆಂಡತಿಯ ಡ್ರೈವಿಂಗಿಗೆ ಹೆದರುವುದೆಂದರೇನು! ಅದು ಹೆದರಿಕೆಯಲ್ಲ. ಆ ಎರಡು ದಿನ ತಾನು ಪಕ್ಕದ ಸೀಟಿನಲ್ಲಿ ಕುಳಿತದ್ದನ್ನು ಆತ ಕ್ಷಮಿಸಲಿಲ್ಲ.

ಆಮೇಲೆ ಬಾಯಮ್ಮ ಕೇಳುವುದನ್ನೇ ಬಿಟ್ಟರು. ಬೇಸಿಗೆಯಲ್ಲಿ ಮಗಳ ಕೈ ಹಿಡಿದು ಕಟ್ಟಡದ ನೆರಳಿಗೆ ಒತ್ತಿಕೊಂಡು ಟ್ಯಾಕ್ಸಿಗೆ ಕಾಯುತ್ತಿದ್ದರು. ನನಗೆ ಲೈಸನ್ಸ್ ಸಿಕ್ಕಿ ಹಳೇ ಕೊರೊಲಾ ತೆಗೆದುಕೊಂಡ ಮೇಲೆ ನಜ್ಮಾದ ಅಂಗಡಿಗಳಿಗೆ ಕರೆದುಕೊಂಡು ಹೋಗುತ್ತಿದ್ದೆ. ಮಾತಾಡುತ್ತಾ ಇರುತ್ತಿದ್ದರು, ಸಿಗ್ನಲ್ ಹತ್ತಿರ ಬಂದಾಗ ಮಾತು ನಿಂತು ಅವರ ಬಲಗಾಲು ನೆಲದ ಮ್ಯಾಟನ್ನು ಒತ್ತುತ್ತಿತ್ತು, ಅಲ್ಲಿ ಇಲ್ಲದ ಬ್ರೇಕನ್ನು...

ನಾನು ಅಲ್ ಮುಂತಜಾಕ್ಕೆ ಮನೆ ಬದಲಿಸಿದೆ. ಅವರು ವಿಲ್ಲಾಕ್ಕೆ ಹೋದರು. ಹಬ್ಬಕ್ಕೊಂದು ಫೋನು, ಅಷ್ಟೇ ಉಳಿಯಿತು. ಕಾಯಿಲೆಯ ಸುದ್ದಿ ನನಗೆ ತಲುಪುವಾಗ ತಡವಾಗಿತ್ತು.

ಕಳೆದ ಶುಕ್ರವಾರ, ತಟ್ಟೆಗಳು ಓಡಾಡುತ್ತಿದ್ದಾಗ, ಅವರ ಗಂಡ ಎದ್ದು ನಿಂತು ಬಂದವರಿಗೆ ಥ್ಯಾಂಕ್ಸ್ ಹೇಳಿದರು. ಕೂದಲೆಲ್ಲ ಬೆಳ್ಳಗಾಗಿದೆ. ಪಾಪ ಅನ್ನಿಸಿತು ಕೂಡ. ಆಗ ಅವರೆಂದರು: "ಅವಳಿಗೆ ನಾನು ಎಂಥದೂ ಕಡಿಮೆ ಮಾಡಲಿಲ್ಲ. ಸೈಪ್ರಸ್‌ಗೆ ಸಹ ಕರ್ಕೊಂಡು ಹೋಗಿದ್ದೇನೆ. ಎರಡು ದಿನ ನಾನೇ ಡ್ರೈವ್ ಮಾಡಿ ಇಡೀ ಐಲ್ಯಾಂಡ್ ತೋರಿಸಿದ್ದೇನೆ."

ತಟ್ಟೆ ಕೆಳಗಿಟ್ಟು ಎದ್ದೆ. "ಸುಳ್ಳು ಹೇಳಬೇಡಿ ಸರ್. ನಮಗೆ ಐಲ್ಯಾಂಡ್ ತೋರಿಸಿದ್ದು ಬಾಯಮ್ಮ. ಗಾಡಿ ಓಡಿಸಿದ್ದೂ ಅವರೇ."

ಯಾರೋ ನನ್ನ ಸೆರಗು ಹಿಡಿದು ಕೂರಿಸಲು ನೋಡಿದರು. ನಾನು ಕೂರಲಿಲ್ಲ. ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ. ಸಾವಿನ ಮನೆಯಲ್ಲಿ ಹಾಗೆ ಮಾತಾಡಬಾರದಿತ್ತು ಎಂದು ಆಮೇಲೆ ಇಬ್ಬರು ಫೋನ್ ಮಾಡಿದರು. ಆಡಿಕೊಳ್ಳಲಿ.

ಗೇಟಿನ ಹತ್ತಿರ ಮಗಳು ಓಡಿ ಬಂದಳು. ಅಂದು ನನ್ನ ತೊಡೆಯ ಮೇಲಿದ್ದವಳು ಈಗ ಇಲ್ಲೇ ಕೆಲಸದಲ್ಲಿದ್ದಾಳೆ, ಅವಳದೇ ಕಾರು ಅಲ್ಲಿ ನಿಂತಿತ್ತು. ಇಂಗ್ಲಿಷ್ ಮೀಡಿಯಂ ಕನ್ನಡದಲ್ಲಿ ತಡವರಿಸುತ್ತಾ, "ಆಂಟಿ, ಮಮ್ಮಿಗೆ ಡ್ರೈವಿಂಗ್ ಬರ್ತಿತ್ತಾ? ರಿಯಲಿ?" ಎಂದಳು.

"ಬರ್ತಿತ್ತಾ ಅಂತ ಕೇಳ್ತೀಯಲ್ಲ ಮಗಾ," ಎಂದು ಬೇಕರಿಯ ವ್ಯಾನಿನಿಂದ ಶುರು ಮಾಡಿ ಎಲ್ಲ ಹೇಳಿದೆ. ಅವಳು ಕಾರಿಗೆ ಒರಗಿ ಕೇಳಿದಳು.

"ನನಗೆ ಲೈಸನ್ಸ್ ಸಿಕ್ಕಿದ ದಿನ ಮಮ್ಮಿ ಕೆಳಗೆ ಕಾರಿನ ಹತ್ರ ಬಂದಿದ್ರು," ಎಂದಳು. "ಟರ್ನಿಂಗ್‌ನಲ್ಲಿ ಮೊದಲೇ ಗೇರ್ ಇಳಿಸ್ಬೇಕು ಅಂತ ಏನೋ ಹೇಳ್ಲಿಕ್ಕೆ ಹೊರಟ್ರು. ನಾನು ನಗಾಡಿ, 'ಮಮ್ಮಿ, ನಿಮಗೆ ಎಂತ ಗೊತ್ತುಂಟು ಡ್ರೈವಿಂಗ್' ಅಂತ ಹೇಳಿದೆ ಆಂಟಿ. ಅವರು ಹಾಗೇ ಮೇಲೆ ಹೋದ್ರು."